ಹೆಸರಿನ ನಡುವಿನ ಮೌನ

ನನ್ನ ಹೆಸರಿನ ನಡುವೆ ಒಂದು ಮೌನವಿದೆ. ರಿಕ್ಕ. 'ರಿ' ಆದ ಮೇಲೆ, 'ಕ' ಬರುವ ಮೊದಲು, ಗಂಟಲು ಒಂದು ಕ್ಷಣ ಬಾಗಿಲು ಮುಚ್ಚಿಕೊಂಡು ನಿಲ್ಲುತ್ತದೆ. ನಮ್ಮ ಭಾಷೆಯಲ್ಲಿ ಆ ನಿಲುಗಡೆಗೂ ಪೂರ್ತಿ ಒಂದು ಮಾತ್ರೆಯ ಲೆಕ್ಕ. ಬರೆಯುವಾಗ ಅದಕ್ಕೊಂದು ಪುಟ್ಟ ಅಕ್ಷರವೂ ಇದೆ. ಅದಕ್ಕೆ ಸದ್ದಿಲ್ಲ, ಜಾಗ ಮಾತ್ರ ಇದೆ. ಪರದೇಶದವರಿಗೆ ಜಪಾನಿ ಕಲಿಸುವ ಶಾಲೆಯಲ್ಲಿ ನನ್ನ ಕೆಲಸವೇ ಆ ಜಾಗವನ್ನು ಅವರು ನುಂಗಿಬಿಡದಂತೆ ನೋಡಿಕೊಳ್ಳುವುದು. 'ಕಿತೆ' ಎಂದರೆ ಬಾ. 'ಕಿತ್ತೆ' ಎಂದರೆ ಅಂಚೆಚೀಟಿ. ಅಂಚೆ ಕಚೇರಿಯ ಕಿಟಕಿಯಲ್ಲಿ ಒಂದು ಮೌನ ತಪ್ಪಿದರೆ, ಚೀಟಿ ಕೇಳುವ ಬದಲು ಗುಮಾಸ್ತೆಯನ್ನೇ ಹತ್ತಿರ ಕರೆದಂತಾಗುತ್ತದೆ.

ಅವತ್ತು ತರಗತಿ ಮುಗಿಸಿ ಹೊರಗೆ ಬಂದಾಗ ಕುಜುಮಿ ಕೊಡೆ ನಿಲ್ಲಿಸುವ ಸ್ಟ್ಯಾಂಡಿನ ಪಕ್ಕ ಕಾಯುತ್ತಿದ್ದ. 

"ರಿಕ! ಒಂಚೂರೂ ಬದಲಾಗಿಲ್ವಲ್ಲೇ ನೀನು."

ರಿಕ. ಅವನು ನನ್ನನ್ನು ಕರೆಯುತ್ತಿದ್ದದ್ದೇ ಹಾಗೆ. ಕಾಲೇಜಿನಲ್ಲಿ ಪರಿಚಯವಾದ ವಾರದಲ್ಲೇ ನಡುವಿನ ಮೌನವನ್ನು ಕಿತ್ತುಹಾಕಿದ್ದ. "ರಿಕ್ಕ ಅನ್ನೋಕೆ ಎಡವಿದ ಹಾಗಾಗುತ್ತೆ, ರಿಕ ಅಂದ್ರೆ ಸಲೀಸು" ಎಂದಿದ್ದ.

"ನಿನಗೆ ಟೋಪಿ ಬಂದಿದೆ" ಎಂದೆ.

"ಕೂದ್ಲು ಹೋಯ್ತು, ಟೋಪಿ ಬಂತು. ಒಂದು ಹೋದ್ರೆ ಒಂದು ಬರುತ್ತೆ" ಎಂದು ನಕ್ಕ. ಆಮೇಲೆ ಟೋಪಿ ತೆಗೆದು, ಸೊಂಟ ಬಗ್ಗಿಸಿ ವಂದಿಸಿದ. ಅವನ ನೆತ್ತಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅವನ ಬ್ಯಾಂಡಿನ ಡ್ರಮ್ಮರ್ ದೊಬಾಶಿ ಸೈಕಲ್ಲಿನಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದನಂತೆ. ಮುಂದಿನ ತಿಂಗಳು ಬ್ಯಾಂಡಿನ ಹತ್ತನೇ ವರ್ಷದ ಪ್ರದರ್ಶನ, ಕೋಎಂಜಿಯಲ್ಲಿ ನಾವು ಹಿಂದೆ ನುಡಿಸುತ್ತಿದ್ದ ಅದೇ ಹಳೆಯ ನೆಲಮಾಳಿಗೆಯಲ್ಲಿ. ಟಿಕೆಟುಗಳೆಲ್ಲ ಹೋಗಿವೆ.

"ಮೂರ್ನಾಲ್ಕು ಜನರನ್ನ ಕರೆಸಿ ನೋಡ್ದೆ. ಉಳಿದಿದ್ದೆಲ್ಲ ಹೇಗೋ ಹೊಡೀತಾರೆ. 'ಶೂನ್ಯ' ಹಾಡಿಗೆ ಬಂದ್ರೆ ಎಲ್ರೂ ಕಾಲು ಜಾರ್ತಾರೆ. ಅದನ್ನ ನುಡಿಸದೆ ಬಿಟ್ರೆ ಜನ ಬಿಡಲ್ಲ. ನೀನೇ ಬರ್ಬೇಕು ಕಣೇ."

"ಬರ್ತೀನಿ" ಎಂದೆ.

ಅಷ್ಟು ಬೇಗ ಒಪ್ಪಿದ್ದು ಅವನಿಗೆ ಒಳ್ಳೆಯತನವಾಗಿ ಕಂಡಿರಬೇಕು. ಅವನ ಕಣ್ಣು ಒದ್ದೆಯಾಯಿತು. ಹತ್ತು ವರ್ಷದಿಂದ ಈ ಕರೆಗಾಗಿ ನಾನು ಕಾಯುತ್ತಿದ್ದೆನೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ. ನನಗೂ ಆ ಕ್ಷಣದವರೆಗೆ ಸರಿಯಾಗಿ ಗೊತ್ತಿರಲಿಲ್ಲ.

*

ಅಪ್ಪ ಕವಾಗೋಎಯಲ್ಲಿ ತತಾಮಿ ಚಾಪೆ ಹೊಲಿಯುವವರು. ಮನೆಯ ಮುಂಭಾಗವೇ ಕಾರ್ಖಾನೆ. ಗೋಡೆಗೊರಗಿಸಿ ನಿಲ್ಲಿಸಿದ ಹುಲ್ಲಿನ ಹಾಸುಗಳು ಸದ್ದನ್ನೆಲ್ಲ ಹೀರಿಬಿಡುತ್ತಿದ್ದವು. ಅದಕ್ಕೇ ಭಾನುವಾರ ಅಂಗಡಿ ಮುಚ್ಚಿದ್ದಾಗ ನಾವು ಮೂವರು ಅಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಗಿಟಾರಿಗೆ ಕುಜುಮಿ, ಡ್ರಮ್ಸಿಗೆ ನಾನು. ಬೇಸ್ ನುಡಿಸುತ್ತಿದ್ದವಳು ಮದುವೆಯಾಗಿ ಸಪ್ಪೊರೊಗೆ ಹೋದಳು, ಅವಳ ಮಾತು ಇಲ್ಲಿ ಬೇಡ.

ನಮ್ಮ ಬಗೆಯ ಸಂಗೀತವನ್ನು ಮ್ಯಾಥ್ ರಾಕ್ ಎನ್ನುತ್ತಾರೆ. ಹೆಸರಿನಲ್ಲಿ ಗಣಿತವಿದ್ದರೂ ನಾವು ಎಣಿಸುತ್ತಿದ್ದದ್ದು ತಿಂಡಿಗಳಲ್ಲಿ. ತಮಾಗೋ, ಅಂದರೆ ಮೊಟ್ಟೆ, ಮೂರು ಮಾತ್ರೆ. ಒನಿಗಿರಿ, ಅನ್ನದುಂಡೆ, ನಾಲ್ಕು. ಎರಡನ್ನೂ ಸೇರಿಸಿದರೆ ಏಳು. ಕಾಲು ಕುಣಿಸುವ ಹಾಡುಗಳ ನೇರ ನಾಲ್ಕರ ದಾರಿ ಬಿಟ್ಟು ಐದು, ಏಳು, ಹದಿಮೂರು ಎಂದು ಅಡ್ಡದಾರಿ ಹಿಡಿಯುವವರಿಗೆ ಬಾಯಲ್ಲಿ ಏನಾದರೂ ಇರಬೇಕು, ಇಲ್ಲದಿದ್ದರೆ ದಾರಿ ತಪ್ಪುತ್ತದೆ. ಮೂರಕ್ಕೆ ಇನ್ನೊಂದು ಮಾತೂ ಇತ್ತು, ನತ್ತೋ. ಹುಳಿಸಿದ ಸೋಯಾಕಾಳು. ನ, ಒಂದು ಮೌನ, ತೋ. ಬರೆಯುವಾಗ ಕೊನೆಗೆ ಇನ್ನೊಂದು ಮಾತ್ರೆಯಿದೆ, ನಮ್ಮ ಎಣಿಕೆಯಲ್ಲಿ ಅದನ್ನು ಬಿಟ್ಟಿದ್ದೆವು. ಕುಜುಮಿ ಯಾವಾಗಲೂ ಅದನ್ನು 'ನತೋ' ಎಂದು ನುಂಗಿ ಎರಡಕ್ಕೇ ಮುಗಿಸುತ್ತಿದ್ದ.

"ಕಾಳು ಅಗಿದು ತಿನ್ನೋ, ನುಂಗಬೇಡ" ಎಂದು ನಾವಿಬ್ಬರೂ ಅವನನ್ನು ಗೋಳುಹುಯ್ದುಕೊಳ್ಳುತ್ತಿದ್ದೆವು.

ಅಪ್ಪನಿಗೆ ಮಾತು ತಡೆಯುತ್ತದೆ. ಎಲ್ಲ ಮಾತೂ ಅಲ್ಲ. ನಡುವೆ ಮೌನವಿರುವ ಮಾತುಗಳಲ್ಲಿ ಅವರು ಒಳಗೆ ಇಳಿದು ಹೊರಗೆ ಬರಲಾರದೆ ನಿಲ್ಲುತ್ತಾರೆ. ಹೆಂಡತಿ ಇಷ್ಟಪಟ್ಟು ಇಟ್ಟ ಮಗಳ ಹೆಸರು ಅಂಥದ್ದೇ ಆಗಿಬಿಟ್ಟಿತ್ತು. "ರಿ" ಎನ್ನುತ್ತಿದ್ದರು. ಆಮೇಲೆ ತುಟಿ ಅರೆ ತೆರೆದು, ಕಣ್ಣು ಎಲ್ಲೋ ನೆಟ್ಟು, ನಿಲ್ಲುತ್ತಿದ್ದರು. ನಮ್ಮ ಮನೆಯಲ್ಲಿ ಕಾಯುವುದು ಯಾರಿಗೂ ಭಾರವಾಗಿರಲಿಲ್ಲ. ಅಮ್ಮ ಹಣ್ಣಿನ ಸಿಪ್ಪೆ ತೆಗೆಯುತ್ತಲೇ ಇರುತ್ತಿದ್ದಳು. ನಾನು ಕೈಯಲ್ಲಿದ್ದದ್ದನ್ನು ಹಿಡಿದುಕೊಂಡು ಮುಖ ತಿರುಗಿಸುತ್ತಿದ್ದೆ. ಬಹಳ ಹೊತ್ತಿನ ಮೇಲೆ, ದೂರದಿಂದ ನಡೆದು ಬಂದವರ ಹಾಗೆ, "ಕ" ಬರುತ್ತಿತ್ತು. ಅಷ್ಟು ದೂರ ನಡೆದು ಬಂದು ನನ್ನನ್ನು ಕರೆಯುವವರು ಇನ್ನೊಬ್ಬರಿಲ್ಲ ಎಂದು ಚಿಕ್ಕಂದಿನಲ್ಲಿ ನನಗೆ ಹೆಮ್ಮೆಯಿತ್ತು.

ಆ ಕಾಯುವಿಕೆಯನ್ನೇ ನಾನು ಹಾಡಿಗೆ ತಂದೆ. ಮೂವರೂ ಓಡಿ ಓಡಿ ಬಂದು ಒಂದೇ ಪೆಟ್ಟಿಗೆ ನಿಲ್ಲಬೇಕು. ಆಮೇಲೆ ಹದಿಮೂರು ಮಾತ್ರೆ ಏನೂ ಇಲ್ಲ. ನತ್ತೋ ನತ್ತೋ ಒನಿಗಿರಿ ನತ್ತೋ. ಯಾರೂ ಯಾರ ಮುಖವನ್ನೂ ನೋಡಬಾರದು, ಕಾಲು ಆಡಿಸಬಾರದು. ಆಮೇಲೆ ನನ್ನ ಪೆಟ್ಟಿನ ಜೊತೆಗೇ ಮೂವರೂ ಒಟ್ಟಿಗೆ ಮರಳಬೇಕು. ಮೊದಲ ಪೆಟ್ಟು 'ರಿ', ಕೊನೆಯದು 'ಕ' ಎಂದು ನಾನು ಯಾರಿಗೂ ಹೇಳಲಿಲ್ಲ. ನಾವು ಆ ಹಾಡನ್ನು 'ನತ್ತೋ' ಎಂದೇ ಕರೆಯುತ್ತಿದ್ದೆವು.

ಕುಜುಮಿ ಆ ಮೌನವನ್ನು ಒಮ್ಮೆಯೂ ಎಣಿಸಲಿಲ್ಲ. ಅವನಿಗೆ ಎಣಿಸಲು ಬರುತ್ತಿರಲಿಲ್ಲ. ಕೋಲು ಇಳಿಸುವ ಮುಂಚೆ ನಾನು ಮೂಗಿನಿಂದ ಉಸಿರು ಎಳೆದುಕೊಳ್ಳುತ್ತೇನೆ. ಅದನ್ನು ಕೇಳಿಸಿಕೊಂಡು ಅವನು ಬರುತ್ತಿದ್ದ. ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಬ್ಯಾಂಡ್ ಎಂದರೆ ಒಬ್ಬರ ಉಸಿರು ಇನ್ನೊಬ್ಬರಿಗೆ ದಾರಿಯಾಗುವುದು ಎಂದು ಆಗ ಅಂದುಕೊಂಡಿದ್ದೆ.

ಒಂದು ಭಾನುವಾರ ಅಪ್ಪ ಹೆಚ್ಚಿದ ಪೇರ್ ಹಣ್ಣಿನ ತಟ್ಟೆ ಹಿಡಿದು ಕಾರ್ಖಾನೆಯ ಬಾಗಿಲಿಗೆ ಬಂದರು. ನಾವು ಅದೇ ಹಾಡಿನ ಮೊದಲ ಭಾಗ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದೆವು.

"ರಿ" ಎಂದರು ಅಪ್ಪ.

ನಾನು ಕೋಲು ಕೆಳಗಿಟ್ಟು ತಿರುಗಿದೆ. ಅಪ್ಪ ನಿಂತಿದ್ದರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತಾಗಿರಬಹುದು, ಹೊರಗಿನವರು ಇದ್ದರಲ್ಲ.

"ರಿಕ! ರಿಕ ತಾನೇ ಅಪ್ಪಾಜೀ?" ಎಂದು ಕುಜುಮಿ ಕೂಗಿ ನಕ್ಕ. "ಕೊಡಿ ಕೊಡಿ, ಹಣ್ಣು ಅಂತ ನಾನೇ ಹೇಳ್ಬಿಡ್ತೀನಿ!"

ಕೆಟ್ಟ ನಗುವಲ್ಲ. ಕೈಚೀಲ ಹೊತ್ತ ಮುದುಕರಿಗೆ ಮೆಟ್ಟಿಲಲ್ಲಿ ಕೈ ಹಿಡಿಯುವವರ ನಗು. ಅಪ್ಪನ ಮುಖದಲ್ಲಿ ಏನೂ ಆಗಲಿಲ್ಲ. ತಟ್ಟೆಯನ್ನು ಹುಲ್ಲಿನ ಹಾಸಿನ ಮೇಲಿಟ್ಟು ಒಳಗೆ ಹೋದರು. ಅಂದಿನಿಂದ ಬೇರೆಯವರ ಎದುರು ನನ್ನನ್ನು "ಓಯ್" ಎಂದು ಕರೆಯತೊಡಗಿದರು. ವರ್ಷ ಕಳೆಯುವುದರೊಳಗೆ ಬೇರೆಯವರು ಇಲ್ಲದಾಗಲೂ ಓಯ್. ಅಮ್ಮ ತೀರಿಕೊಂಡ ದಿನ ಫೋನು ಮಾಡಿದಾಗಲೂ ಓಯ್ ಎಂದೇ ಶುರು ಮಾಡಿದರು.

ಅದೇ ಚಳಿಗಾಲ ಕುಜುಮಿ ನಮ್ಮನ್ನು ಬಿಟ್ಟು 'ಕರಾಬಾಕೊ' ಕಟ್ಟಿದ. ಖಾಲಿ ಪೆಟ್ಟಿಗೆ ಎಂದು ಅದರ ಅರ್ಥ. ಮೊದಲ ಆಲ್ಬಮ್ಮಿನಲ್ಲೇ ನಮ್ಮ ಹಾಡಿತ್ತು, 'ಶೂನ್ಯ' ಎಂಬ ಹೆಸರಿನಲ್ಲಿ, ರಚನೆ ಕುಜುಮಿ ಎಂದು. ಕಾಮಾಕುರದ ಒಂದು ಮಠದಲ್ಲಿ ಧ್ಯಾನಕ್ಕೆ ಕೂತಿದ್ದಾಗ ಆ ಮೌನ ತನ್ನ ಮೇಲೆ ಇಳಿದು ಬಂತೆಂದು ಅವನು ಸಂಗೀತ ಪತ್ರಿಕೆಗೆ ಹೇಳಿದ್ದ. ನಾವು ಯಂತ್ರದ ತಾಳ ಇಟ್ಟುಕೊಳ್ಳುವುದಿಲ್ಲ, ಎಣಿಸುವುದಿಲ್ಲ, ನಮಗೆ ತಿಳಿಯುತ್ತದೆ, ಎಂದಿದ್ದ. ಆ ಮಠದಲ್ಲಿ ಅವನು ಕಾಲು ಜೋಮು ಹಿಡಿದು ಅರ್ಧಕ್ಕೇ ಎದ್ದು ಬಂದಿದ್ದ. ಹೊರಗೆ ಐಸ್‌ಕ್ರೀಮ್ ತಿನ್ನುತ್ತ ಕಾಯುತ್ತಿದ್ದವಳು ನಾನೇ.

*

ಅಭ್ಯಾಸದ ಕೋಣೆಯಲ್ಲಿ ಬೇಸ್ ನುಡಿಸುವ ನಾಗಿ ನನಗಿಂತ ಮೊದಲೇ ಬಂದು ತಂತಿ ಬಿಗಿಯುತ್ತಿದ್ದಳು. ಇಪ್ಪತ್ತನಾಲ್ಕರ ಹುಡುಗಿ, ನೆಟ್ಟಗೆ ನೋಡುವ ಕಣ್ಣು.

"ರಿಕ್ಕ-ಸಾನ್, ನಿಮ್ಮ ಬಗ್ಗೆ ದೊಬಾಶಿ-ಸಾನ್ ಹೇಳಿದ್ರು. ದಯವಿಟ್ಟು ನನ್ನ ತಪ್ಪು ತಿದ್ದಿ." ಮರ್ಯಾದೆಯ 'ಸಾನ್' ಹಚ್ಚಿ ಕರೆದ ಅವಳ ಬಾಯಲ್ಲಿ ನನ್ನ ಹೆಸರು ಪೂರ್ತಿಯಾಗಿತ್ತು.

ಕುಜುಮಿ ಮೂವರಿಗೂ ಕಿವಿಗೆ ಇಟ್ಟುಕೊಳ್ಳುವ ಪುಟ್ಟ ಯಂತ್ರ ಹಂಚಿದ. ಅದರಲ್ಲಿ ಟಿಕ್ ಟಿಕ್ ಎಂದು ತಾಳ ಬಡಿಯುತ್ತಿತ್ತು. ಹತ್ತು ವರ್ಷ ಅವನು ಮೌನದಿಂದ ಹೊರಗೆ ಬಂದದ್ದು ಹೀಗೆ.

"ಇದೇನು?" ಎಂದೆ.

"ಕ್ಲಿಕ್ಕು. ಏನೇ, ಮೇಷ್ಟ್ರಾಗಿ ಇದನ್ನೂ ಮರ್ತ್ಯಾ?"

"ಪತ್ರಿಕೇಲಿ ಓದಿದ್ದೆ, ನೀವು ಇಂಥದ್ದೆಲ್ಲ ಇಟ್ಕೊಳ್ಳಲ್ಲ ಅಂತ. ನನಗೆ ಭಾರೀ ಮೆಚ್ಚುಗೆಯಾಗಿತ್ತು."

ನಾಗಿ ತಲೆಯೆತ್ತಿದಳು. ಅವಳ ಮುಂದೆ ಅವನ ಮುಖ ಒಂದು ಗಳಿಗೆ ಏನು ಮಾಡಬೇಕೆಂದು ತಿಳಿಯದೆ ತಡಕಾಡಿತು.

"ಅದು... ದೊಬಾಶಿಗೋಸ್ಕರ ಕಣೇ. ಅವನಿಗೆ ಬೇಕು."

"ನನಗೆ ಬೇಡ. ಹಳೇ ಥರಾನೇ ಹೋಗೋಣ. ನಿನಗೆ ತೊಂದರೆ ಇಲ್ಲ ತಾನೇ?"

"ನನಗೆಂಥ ತೊಂದರೆ?" ಎಂದು ನಕ್ಕ. ಹಿಂದೆಯೂ ಹೀಗೇ, ತೊಂದರೆ ಇದ್ದಾಗ ಜೋರಾಗಿ ನಗುತ್ತಿದ್ದ.

ಅಂದು ನಾನು ಧಾರಾಳವಾಗಿದ್ದೆ. ಹದಿಮೂರು ಮುಗಿಯುತ್ತಲೇ ಮೂಗಿನಿಂದ ಕೋಣೆಗೆಲ್ಲ ಕೇಳುವಂತೆ ಉಸಿರೆಳೆದೆ. ಅವನು ಕೂದಲೆಳೆಯಷ್ಟೂ ತಪ್ಪದೆ ನನ್ನ ಪೆಟ್ಟಿಗೆ ಬಂದ. ಮತ್ತೊಮ್ಮೆ, ಇನ್ನೊಮ್ಮೆ. ಪ್ರತಿ ಸಲವೂ ಅವನ ಬೆನ್ನು ಸ್ವಲ್ಪ ಸಡಿಲವಾಯಿತು.

"ನೋಡ್ದ್ಯಾ ನಾಗಿ, ಹಳೇ ಜೋಡಿ ಅಂದ್ರೆ ಹೀಗಿರ್ಬೇಕು. ಎಣಿಸೋದೇ ಬೇಡ."

ಕೋಳಿಗೆ ಕಾಳು ಹಾಕುವವರ ಸಂತೋಷ ಎಂಥದೆಂದು ನನಗೆ ಆಗ ತಿಳಿಯಿತು. ಅದಕ್ಕೆ ನಾಚಿಕೊಳ್ಳಬೇಕಿತ್ತೇನೋ. ನಾಚಿಕೆ ಬರಲಿಲ್ಲ.

ಅವನು ಸಿಗರೇಟಿಗೆ ಹೊರಗೆ ಹೋದಾಗ ನಾಗಿ ಮೆಲ್ಲಗೆ ಕೇಳಿದಳು: "ಈ ಮೌನ ನಿಜವಾಗ್ಲೂ ಮಠದಲ್ಲಿ ಹೊಳೆದಿದ್ದಾ?"

"ಈ ಹಾಡಿನ ಮೊದಲ ಹೆಸರು ನತ್ತೋ" ಎಂದೆ.

ಅವಳು ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ತುಟಿ ಆಡಿಸುತ್ತ ಏನೋ ಲೆಕ್ಕ ಹಾಕಿದಳು. ನ, ಮೌನ, ತೋ. ಆ ಮೌನ ಎಣಿಸಿ ಕಟ್ಟಿದ್ದೆಂದೂ ಅದು ಯಾರದ್ದೆಂದೂ ಲೆಕ್ಕ ಸರಿಹೋದದ್ದು ಅವಳ ಮುಖದಲ್ಲಿ ಕಂಡಿತು. ನಗು ನಿಂತಿತು. ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು.

"ಹದಿಮೂರು ಆದ್ಮೇಲೆ ನೀವು ಹೊಡೆಯೋ ತನಕ ನಾನು ಬರಲ್ಲ" ಎಂದಳು.

ನಾನು ಏನನ್ನೂ ಕೇಳಿರಲಿಲ್ಲ.

*

ಪ್ರದರ್ಶನ ಭಾನುವಾರ ಮಧ್ಯಾಹ್ನ. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಗೋಡೆಯ ಮೇಲೆ ಹಳೆಯ ಪೋಸ್ಟರುಗಳ ಮೇಲೆ ಹೊಸ ಪೋಸ್ಟರು, ಅದರ ಮೇಲೆ ಇನ್ನೂ ಹೊಸದು. ಎಲ್ಲೋ ಅಡಿಯಲ್ಲಿ ನಮ್ಮದೂ ಇದ್ದಿರಬೇಕು. ಒಳಗೆ ಜನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದರು. ನಮ್ಮ ಸಂಗೀತದ ಕೇಳುಗರು ಕುಣಿಯುವವರಲ್ಲ. ಕೈಕಟ್ಟಿ, ಕತ್ತು ಬಗ್ಗಿಸಿ, ತಾಳ ತಪ್ಪದಂತೆ ತಮ್ಮೊಳಗೇ ಎಣಿಸುತ್ತ ನಿಲ್ಲುತ್ತಾರೆ. ಒಬ್ಬರು ಗಂಟಲು ಸರಿಮಾಡಿಕೊಂಡರೂ ಪಕ್ಕದವರು ತಿರುಗಿ ನೋಡುತ್ತಾರೆ. ತಪ್ಪು ಅಡಗಿಸಲು ಇದಕ್ಕಿಂತ ಕೆಟ್ಟ ಜಾಗವಿಲ್ಲ.

ಉಳಿದ ಹಾಡುಗಳನ್ನು ಪ್ರಾಮಾಣಿಕವಾಗಿ ನುಡಿಸಿದೆ. ಕುಜುಮಿಯ ಎರಡೂ ಕೈ ಗಿಟಾರಿನ ಕತ್ತಿನ ಮೇಲೆ ಜೇಡದ ಹಾಗೆ ಓಡುತ್ತಿದ್ದವು. ಅವನು ಒಳ್ಳೆಯ ವಾದಕ. ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಕೈಲಾಗದವನ ಮೇಲೆ ಸೇಡು ತೀರಿಸಿಕೊಂಡು ಏನು ಪ್ರಯೋಜನ?

ಕೊನೆಯ ಹಾಡಿಗೆ ಮುಂಚೆ ಅವನು ಮೈಕಿನ ಹತ್ತಿರ ಬಂದ.

"ಮುಂದಿನದು ನಿಮಗೆಲ್ಲ ಗೊತ್ತು. ಇದರ ನಡುವೆ ಒಂದು ಮೌನ ಬರುತ್ತೆ. ಕಾಮಾಕುರದಲ್ಲಿ ಒಂದು ಮಂಜಿನ ಬೆಳಗ್ಗೆ ಅದು ನನಗೆ ಸಿಕ್ತು. ಎಷ್ಟು ಉದ್ದ ಅಂತ ಕೇಳ್ತಾರೆ. ನಾವು ಎಣಿಸಲ್ಲ. ತಿಳಿಯುತ್ತೆ, ಅಷ್ಟೇ." ಆಮೇಲೆ ಹಿಂದೆ ತಿರುಗದೆಯೇ ಕೈ ಬೀಸಿ, "ಡ್ರಮ್ಸಿನಲ್ಲಿ ಇವತ್ತು ನನ್ನ ಹಳೇ ಗೆಳತಿ, ರಿಕ" ಎಂದ. ಜನ ಚಪ್ಪಾಳೆ ತಟ್ಟಿದರು.

ಶುರು ಮಾಡಿದೆವು. ಐದರ ಮೇಲೆ ಏಳು, ಏಳರ ಮೇಲೆ ಐದು, ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋಗುವ ಆ ಓಟ. ನನ್ನ ಕೈಗಳಿಗೆ ಎಲ್ಲ ನೆನಪಿತ್ತು. ಹುಲ್ಲಿನ ವಾಸನೆ ಕೂಡ ನೆನಪಾಯಿತು. ಎಲ್ಲರೂ ಬಂದು ಒಂದೇ ಪೆಟ್ಟಿಗೆ ನಿಂತೆವು.

ರಿ.

ನತ್ತೋ. ನತ್ತೋ. ಒನಿಗಿರಿ. ನತ್ತೋ.

ಹದಿಮೂರು ಮುಗಿಯಿತು. ನಾನು ಹೊಡೆಯಲಿಲ್ಲ. ಉಸಿರನ್ನು ಎದೆಯಲ್ಲೇ ಹಿಡಿದು ಕುಳಿತೆ.

ಜನಕ್ಕೆ ಮೊದಲು ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಈ ಹಾಡನ್ನು ಹತ್ತು ವರ್ಷದಿಂದ ಕೇಳಿದವರು ಅವರು. ಹದಿಮೂರು ಅವರ ಮೈಯಲ್ಲಿತ್ತು. ಕಟ್ಟಿದ ಕೈಗಳು ಬಿಚ್ಚಿಕೊಂಡವು, ಬಗ್ಗಿದ ತಲೆಗಳು ಒಂದೊಂದಾಗಿ ಮೇಲೆದ್ದವು. ನಾಗಿ ಬೆರಳನ್ನು ತಂತಿಯಿಂದ ತೆಗೆದು ತೊಡೆಯ ಪಕ್ಕ ಇಳಿಬಿಟ್ಟಳು. ಎಲ್ಲೋ ಗೋಡೆಯಾಚೆ ರೈಲು ಹೋದದ್ದು ಕೇಳಿಸಿತು.

ಕುಜುಮಿಯ ಬೆನ್ನು ನನ್ನ ಕಡೆಗಿತ್ತು. ಅದು ನನ್ನ ಉಸಿರಿಗಾಗಿ ಕಿವಿಗೊಟ್ಟು ಕಾಯುತ್ತಿತ್ತು. ಅಂಗಿ ಹೆಗಲ ಮೂಳೆಗಳ ನಡುವೆ ಒದ್ದೆಯಾಗುತ್ತ ಬಂತು.

ಆಗ ಉಸಿರೆಳೆದೆ. ಅವನ ಕೈ ತಟ್ಟನೆ ತಂತಿಗೆ ಬಿತ್ತು. ನನ್ನ ಕೋಲು ಗಾಳಿಯಲ್ಲೇ ಉಳಿಯಿತು. ಅರ್ಧ ಹುಟ್ಟಿದ ಸ್ವರವನ್ನು ಅವನು ಅಂಗೈಯಲ್ಲಿ ಅದುಮಿಬಿಟ್ಟ. ತ್. ಮತ್ತೆ ಕೈ ಎತ್ತಿದ, ಧೈರ್ಯ ಬರಲಿಲ್ಲ. ಮತ್ತೆ ಎತ್ತಿದ. ತ್. ತ್. ಅವನ ಬೆರಳುಗಳು ಒಂದು ಮಾತಿನ ಮೊದಲ ಅಕ್ಷರದಲ್ಲಿ ಸಿಕ್ಕಿಬಿದ್ದಿದ್ದವು. ಮುಂದಿನ ಅಕ್ಷರ ಎಲ್ಲಿದೆ ಎಂದು ಅವಕ್ಕೆ ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೆಟ್ಟ ನಗುವಲ್ಲ.

ನಾನು ನೋಡುತ್ತ ಕುಳಿತೆ. ಎಷ್ಟು ಹೊತ್ತು ಬೇಕಾದರೂ ಕುಳಿತಿರಬಲ್ಲೆ ಎನ್ನಿಸಿತು. ಕಾಯುವ ಮನೆಯಲ್ಲಿ ಬೆಳೆದವಳು ನಾನು.

ಕೊನೆಗೆ ಅವನು ನಿಯಮ ಮುರಿದ. ಜನರಿಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿದ. ಟೋಪಿಯ ಕೆಳಗೆ ಮುಖ ಬಿಳುಚಿತ್ತು. ತುಟಿ ಅರೆ ತೆರೆದಿತ್ತು. ಆ ಮುಖ ನನಗೆ ಪರಿಚಿತ. ಹುಲ್ಲಿನ ಹಾಸಿನ ಪಕ್ಕ ತಟ್ಟೆ ಹಿಡಿದು ನಿಂತಿದ್ದ ಮುಖ. ಆದರೆ ಅಪ್ಪನ ಕಣ್ಣಿನಲ್ಲಿ ಹೀಗೆ ಬೇಡುವ ನೋಟ ಇರಲಿಲ್ಲ.

"ರಿ" ಎಂದ.

ಮೈಕ್ ಬೇಕಾಗಲಿಲ್ಲ. ಆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಆಮೇಲೆ ಅವನ ಗಂಟಲು ಒಣಗಿ ಮುಚ್ಚಿಕೊಂಡಿತು. ಉಗುಳು ನುಂಗಿದ್ದು ಕಂಡಿತು. ಯಾರೂ ಅವನಿಗಾಗಿ ಮಾತು ಮುಗಿಸಲಿಲ್ಲ. ನಾನೂ ಮುಗಿಸಲಿಲ್ಲ. ಪರಿಚಯವಾದ ಮೇಲೆ ಮೊದಲ ಸಲ ಅವನು ನನ್ನ ಹೆಸರಿನ ನಡುವೆ ನಿಂತಿದ್ದ, ಇಡಿಯಾಗಿ, ಕತ್ತಿನವರೆಗೆ.

"...ಕ."

ಆ ಅಕ್ಷರದ ಮೇಲೆಯೇ ಹೊಡೆದೆ. ನಾಗಿ ನನ್ನ ಜೊತೆಗೇ ಬಂದಳು. ಅವನು ತಡವಾಗಿ ಬಂದ. ಹಾಡು ಮುಗಿಯುವವರೆಗೂ ನಮ್ಮ ಹಿಂದೆ ಓಡಿ ಬರುತ್ತಲೇ ಇದ್ದ, ಜೊತೆಗೂಡಲಿಲ್ಲ.

*

ಒಳಕೋಣೆಯಲ್ಲಿ ಅವನು ಕುರ್ಚಿಯ ತುದಿಯಲ್ಲಿ ಕುಳಿತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ನಾಗಿ ಬೇಸ್ ಪೆಟ್ಟಿಗೆಗೆ ಬೀಗ ಹಾಕುತ್ತಿದ್ದಳು.

"ಯಾಕೆ ಹೀಗ್ ಮಾಡ್ದೆ?" ಎಂದ.

"ಎಣಿಸಲ್ಲ, ತಿಳಿಯುತ್ತೆ ಅಂದ್ಯಲ್ಲ."

"ರಚನೆಗೆ ಹೆಸರು ಬೇಕಿದ್ರೆ ಬಾಯ್ಬಿಟ್ಟು ಕೇಳ್ಬಾರ್ದಾಗಿತ್ತಾ? ಹಾಕಿಸ್ತಿದ್ದೆ ಕಣೇ. ಅಷ್ಟಕ್ಕೆ ಮುನ್ನೂರು ಜನರೆದುರು ಮಾನ ತೆಗೀಬೇಕಿತ್ತಾ?"

"ಅಪ್ಪನ ಹೆಸರು ಹಾಕಿಸ್ತಿದ್ಯಾ?"

"ಯಾರ ಅಪ್ಪ?"

ಅವನ ಮುಖವನ್ನು ಚೆನ್ನಾಗಿ ನೋಡಿದೆ. ನಟನೆಯಲ್ಲ. ಕಾರ್ಖಾನೆಯಾಗಲಿ, ಪೇರ್ ಹಣ್ಣಾಗಲಿ, ಅವನಲ್ಲಿ ಎಲ್ಲೂ ಇರಲಿಲ್ಲ. ಹತ್ತು ವರ್ಷ ನಾನು ಹೊತ್ತು ತಿರುಗಿದ್ದ ದಿನ ಅವನ ಪಾಲಿಗೆ ನಡೆದೇ ಇರಲಿಲ್ಲ. ಹೇಳಬಹುದಿತ್ತು. ಹೇಳಿದರೆ ಅವನು ತಲೆ ಬಗ್ಗಿಸಿ ಕ್ಷಮೆ ಕೇಳುತ್ತಿದ್ದ, ಅವನಿಗೆ ಅದು ಚೆನ್ನಾಗಿ ಬರುತ್ತದೆ. ಆಮೇಲೆ ಹಗುರಾಗಿ ಮನೆಗೆ ಹೋಗುತ್ತಿದ್ದ. ಹೇಳಲಿಲ್ಲ. ಯಾಕೆ ಎಂದು ತಿಳಿಯದೆ ಇರಲಿ. ಆ ಪ್ರಶ್ನೆಯನ್ನು ಅವನು ಎಷ್ಟು ವರ್ಷ ಬೇಕಾದರೂ ಎಣಿಸಲಿ.

"ಒತ್ಸುಕರೆ" ಎಂದೆ. ದಣಿದಿರಿ, ಒಳ್ಳೆಯ ಕೆಲಸವಾಯಿತು ಎಂದು ಪ್ರದರ್ಶನ ಮುಗಿದ ಮೇಲೆ ಎಲ್ಲರೂ ಎಲ್ಲರಿಗೂ ಹೇಳುವ ಮಾತು. ನಾಗಿ ಎದ್ದು ನಿಂತು, ಬಗ್ಗಿ, ಅದನ್ನೇ ನನಗೆ ತಿರುಗಿ ಹೇಳಿದಳು. ಅವನು ಹೇಳಲಿಲ್ಲ.

ಹೊರಗೆ ಇನ್ನೂ ಬಿಸಿಲಿತ್ತು. ನಿಲ್ದಾಣದ ಪ್ಲಾಟ್‌ಫಾರ್ಮಿನ ತುದಿಗೆ ನಡೆದು ಅಪ್ಪನಿಗೆ ಫೋನು ಮಾಡಿದೆ.

"ಓಯ್" ಎಂದರು. "ಊಟ ಆಯ್ತಾ?"

"ಇಲ್ಲ. ಅಪ್ಪಾ, ಕುಜುಮಿ ನೆನಪಿದ್ದಾನಾ?"

ಅಪ್ಪ ಸುಮ್ಮನಾದರು. ಮಾತು ತಡೆದ ಮೌನವಲ್ಲ, ಬೇರೆಯದು. ಎರಡರ ವ್ಯತ್ಯಾಸ ನನಗೆ ಗೊತ್ತು.

"ಹಣ್ಣಿನವನು" ಎಂದರು.

ಆ ಹಾಡಿನಲ್ಲಿದ್ದ ಮೌನ ಯಾರದ್ದೆಂದು ಹೇಳಿದೆ. ಇವತ್ತು ಏನು ಮಾಡಿದೆನೆಂದೂ ಹೇಳಿದೆ. ಹೇಳುತ್ತ ಹೇಳುತ್ತ ಅವರು ಬೈಯಬಹುದು ಎನ್ನಿಸಿತು. ಆ ಸ್ಥಿತಿಯಲ್ಲಿ ಯಾರನ್ನೂ ನಿಲ್ಲಿಸಬಾರದು, ಅದರ ಸಂಕಟ ನನಗೆ ಗೊತ್ತು ಎನ್ನಬಹುದು ಎನ್ನಿಸಿತು. ಅವರು ಒಳ್ಳೆಯವರು. ನನ್ನ ಹಾಗಲ್ಲ.

"ತುಂಬಾ ಹೊತ್ತು ನಿಂತಿದ್ನಾ?" ಎಂದರು.

"ನಿಂತಿದ್ದ."

"ಬೆವತ್ನಾ?"

"ಅಂಗಿಯೆಲ್ಲ ಒದ್ದೆ."

ಸೂಜಿಯನ್ನು ಚಾಪೆಗೆ ಚುಚ್ಚಿಟ್ಟ ಸದ್ದು ಕೇಳಿತು. ಭಾನುವಾರವೂ ಕೆಲಸ ಮಾಡುತ್ತಿದ್ದರು.

"ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸ್ಬೇಕಿತ್ತು" ಎಂದರು ಅಪ್ಪ.

ನಾನು ನಕ್ಕೆ. ಅವರೂ ನಕ್ಕರು, ಅಮ್ಮ ಹೋದ ಮೇಲೆ ಕೇಳದಿದ್ದ ಒಂದು ಕೆಟ್ಟ, ಸಣ್ಣ, ಸಂತೋಷದ ನಗು. ಅಷ್ಟರಲ್ಲಿ ರೈಲು ಬಂತು. ಬಾಗಿಲುಗಳು ತೆರೆದವು, ಜನ ಇಳಿದರು.

"ಮನೆಗೆ ಬಾ. ಊಟಕ್ಕೆ ಇಟ್ಟಿರ್ತೀನಿ" ಎಂದರು. ಆಮೇಲೆ, "ರಿ" ಎಂದರು.

ಬಾಗಿಲು ಮುಚ್ಚುವ ಗಂಟೆ ಹೊಡೆಯಿತು. ನಾನು ಹತ್ತಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು, ಏನನ್ನೂ ಎಣಿಸದೆ, ನಿಂತುಕೊಂಡೆ.